ಹಸಿ ಕೊಬ್ಬರಿ, ಅಣ್ಣನಿಗೆ ಹೇಳಬಾರದ ಮಾತು

ಸಲಾನಿಯೆತಾ ಗೋದಾಮಿನಲ್ಲಿದ್ದ ಮೂಟೆಯೊಂದರ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ತೂರಿಸಿದಳು. ಒಳಗೆ ಕೊಬ್ಬರಿ ಬಿಸಿಯಾಗಿತ್ತು. ಬಿಸಿಲಿನ ಬಿಸಿಯಲ್ಲ, ಒಳಗೊಳಗೇ ಬೇಯುತ್ತಿರುವ ಬಿಸಿ. ಕೈ ಹೊರಗೆಳೆದು ಮೂಸಿದಳು, ಹುಳಿ ವಾಸನೆ ಹೊಡೆಯಿತು. ಮೂಟೆ ಯಾರದೆಂದು ಗುರುತು ನೋಡಬೇಕಾಗಿರಲಿಲ್ಲ. ಕೊಬ್ಬರಿ ಒಯ್ಯುವ ಹಡಗು ಬರುತ್ತದೆಂದರೆ ಸಾಕು, ಅರ್ಧ ಒಣಗಿದ್ದನ್ನೇ ತುಂಬಿ ತರುವ ಪುಣ್ಯಾತ್ಮ ಇಡೀ ಕೊಲ್ಲಿಯಲ್ಲಿ ಒಬ್ಬನೇ. ಅವಳ ಒಡಹುಟ್ಟಿದ ಅಣ್ಣ ಇಲೈತಿಯಾ.

ಹಸಿ ಕೊಬ್ಬರಿ ರಾಶಿ ಬಿದ್ದರೆ ತಾನಾಗಿಯೇ ಕಾಯುತ್ತದೆ, ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ. ವನುವಾ ಲೇವು ದ್ವೀಪದಲ್ಲಿ ಇದು ಹಲ್ಲು ಮೂಡದ ಕೂಸಿಗೂ ಗೊತ್ತು. ಗೊತ್ತಿದ್ದೂ ತರುತ್ತಾರಲ್ಲ, ಅದಕ್ಕೇ ಅವಳ ಪಿತ್ತ ನೆತ್ತಿಗೇರಿತ್ತು.

ನೇರ ಹೋಗಿ ಮುಖಕ್ಕೆ ಹೇಳೋಣವೆಂದರೆ ಅದಕ್ಕೊಂದು ಕಟ್ಟಳೆ. ದೊಡ್ಡವರಾದ ಮೇಲೆ ಅಣ್ಣ ತಂಗಿ ಮಾತಾಡುವಂತಿಲ್ಲ. ಎದುರು ಬಂದರೆ ತಲೆ ತಗ್ಗಿಸಬೇಕು, ಹೇಳುವುದೇನಿದ್ದರೂ ಮೂರನೆಯವರ ಬಾಯಲ್ಲಿ ಹೇಳಿಸಬೇಕು. ಗೌರವವಂತೆ! ಸಹಕಾರ ಸಂಘದವರು ಗೋದಾಮಿನ ಉಸ್ತುವಾರಿಯನ್ನು ಅವಳ ತಲೆಗೆ ಕಟ್ಟಿದಾಗ ಈ ಗೌರವವನ್ನು ಏನು ಮಾಡುವುದೆಂದು ಒಬ್ಬನೂ ಯೋಚಿಸಲಿಲ್ಲ.

ಮೂರನೆಯವನೆಂದರೆ ಕಾಲಿಯೋವಾ, ಸೋದರತ್ತೆಯ ಮಗ. ಅತ್ತೆಯ ಮಕ್ಕಳು ಮಾವನ ಮಕ್ಕಳು ಒಬ್ಬರನ್ನೊಬ್ಬರು ಗೇಲಿ ಮಾಡದಿದ್ದರೆ ಆ ಊರಲ್ಲಿ ತಿಂದ ಮರಗೆಣಸು ಅರಗುವುದಿಲ್ಲ.

"ಹೋಗಿ ಅವನಿಗೆ ಹೇಳು. ಮೂಟೆ ಅಷ್ಟೂ ವಾಪಸ್ ಹೊತ್ಕೊಂಡು ಹೋಗಿ ಒಣಗಿಸ್ಲಿ. ಇಲ್ಲಾಂದ್ರೆ ಒಳಗೆ ಕೆಲಸ ಮಾಡೋರ ಸಮೇತ ಗೋದಾಮು ಸುಟ್ಟುಹೋಗತ್ತೆ."

"ಅಯ್ಯೋ ಮಾರಾಯ್ತಿ, ಮೂಟೆಗಿಂತ ನೀನೇ ಬಿಸಿ ಇದ್ದೀಯ! ಮೊದ್ಲು ನಿನ್ನನ್ನ ಸಮುದ್ರಕ್ಕೆ ಅದ್ದಬೇಕು."

"ನಗಬೇಡ ಕಣೋ. ಇದು ತಮಾಷೆ ಅಲ್ಲ."

"ನಾನು ಯಾವತ್ತೇ ತಮಾಷೆ ಮಾಡಿದ್ದೀನಿ?" ಎಂದು ಹಲ್ಲು ಕಿರಿಯುತ್ತ ಹೋದ.

ಅವನು ದಕ್ಕೆಯ ಮೇಲೆ ನಿಂತು ಕೂಗಿದ್ದು ಗೋದಾಮಿನ ಬಾಗಿಲಿಗೇ ಕೇಳಿಸಿತು. "ಏ ಭಾವ! ನಿನ್ನ ಕೊಬ್ಬರಿ ಮುಟ್ಟಿ ನಮ್ಮ ಗೋದಾಮಿನ ಅಮ್ಮಾವ್ರ ಕೈ ಬೆಂದುಹೋಯ್ತಂತೆ!" ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು. ಇಲೈತಿಯಾನೂ ನಕ್ಕ. "ಹಡಗು ಬರೋವರೆಗೂ ಬೀಸಣಿಗೇಲಿ ಗಾಳಿ ಹಾಕೋಕೆ ಹೇಳು!"

ಸಂಘದ ಕಾರ್ಯದರ್ಶಿಯ ಬಳಿ ಹೋದಳು. "ಅದು ಅಣ್ಣ ತಂಗಿ ವಿಷಯ ಅಮ್ಮ, ನಾವು ನಡುವೆ ಬರಬಾರದು" ಎಂದು ಅವನು ಕೈ ತೊಳೆದುಕೊಂಡ. ಬೆಂಕಿಗೆ ಯಾರು ಯಾರ ಅಣ್ಣನೆಂದು ಗೊತ್ತಿರುತ್ತದೆಯೇ? ಸಲಾನಿಯೆತಾ ಹಲ್ಲು ಕಚ್ಚಿ, ಬೇರೆಯವರ ಮೂಟೆಗಳನ್ನು ತಾನೇ ಎಳೆದು ದೂರ ಇಟ್ಟಳು. ಪೀಪಾಯಿಗಳಿಗೆ ನೀರು ತುಂಬಿಸಿದಳು. ಅಣ್ಣ ಎದುರಿಗೇ ಓಡಾಡುತ್ತಿದ್ದ. ಅವಳು ತಲೆ ತಗ್ಗಿಸಿದಳು.

ಎಂಜಿನ್ ಕೆಟ್ಟು ಹಡಗು ತಡವಾಯಿತು. ಒಂದು ಮಧ್ಯಾಹ್ನ ರಾಶಿಯ ನಡುವಿನಿಂದ ಬಿಳಿ ಹೊಗೆ ಎದ್ದಿತು. ಆಗ ಬಂದ ನೋಡಿ ಇಲೈತಿಯಾ, ಎದ್ದೆನೋ ಬಿದ್ದೆನೋ ಎಂದು! ಆಳುಗಳನ್ನೂ ಕಾಲಿಯೋವಾನನ್ನೂ ಕಟ್ಟಿಕೊಂಡು ರಾಶಿ ಹತ್ತಿ ಮೇಲಿನ ಮೂಟೆಗಳನ್ನು ಕೀಳತೊಡಗಿದ. ಒಳಗಿನ ಕಾವಿಗೆ ಗಾಳಿ ಸಿಕ್ಕರೆ ಕಥೆ ಮುಗಿಯಿತು. ಮೊದಲು ನೀರು ಬಿಡಬೇಕು, ಆಮೇಲೆ ಅಂಚಿನಿಂದ ಒಂದೊಂದೇ ಮೂಟೆ ತೆಗೆಯಬೇಕು. ನೀರಿನ ಪೈಪು ಹಿಡಿದು ಓಡಿಬಂದ ಸಲಾನಿಯೆತಾ ಹೇಳಿಸಲು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದಳು. ಇದ್ದವರೆಲ್ಲ ರಾಶಿಯ ಮೇಲಿದ್ದರು.

"ಇಲೈತಿಯಾ! ಮೂಟೆ ಎಳೀಬೇಡ! ಇಳಿಯೋ ಕೆಳಗೆ, ಇಳಿ!"

ಚಿಕ್ಕಂದಿನ ನಂತರ ತಂಗಿಯ ಬಾಯಲ್ಲಿ ತನ್ನ ಹೆಸರು ಕೇಳದ ಆ ಗಂಡಸು ಕಪಾಳಕ್ಕೆ ಬಿದ್ದವನಂತೆ ಕೆಳಗೆ ಹಾರಿದ. ಆಳುಗಳೂ ಹಾರಿದರು. ಕಾಲಿಯೋವಾ ಮಾತ್ರ ನಿಂತೇ ಇದ್ದ. "ನೋಡ್ರೋ, ಅಮ್ಮಾವ್ರು ಅಣ್ಣನಿಗೇ ಬೈದ್ರು!" ಎಂದು ನಗುತ್ತ ಕೈಯಲ್ಲಿದ್ದ ಮೂಟೆಯನ್ನು ಎಳೆದ. ಅದರ ಅಡಿಯಿಂದ ಬೆಂಕಿ ಎದ್ದು ಅವನ ಕಾಲು ಹಿಡಿಯಿತು. ಸಲಾನಿಯೆತಾ ಅವನ ಮೇಲೆ ನೀರು ಬಿಟ್ಟಳು, ಇಬ್ಬರು ಆಳುಗಳು ಎಳೆದು ಹೊರಗೆ ಹಾಕಿದರು.

ಗೋದಾಮು ಅರ್ಧ ಹೋಯಿತು. ಕಾಲಿಯೋವಾ ಲಂಬಾಸ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ. ಅವನು ಮತ್ತೆ ನಡೆಯುತ್ತಾನೋ ಇಲ್ಲವೋ, ಡಾಕ್ಟರು ಬಾಯಿ ಬಿಡಲಿಲ್ಲ.

ಹಿರಿಯರು ಸೇರಿದರು. ಯಾತಕ್ಕೆ? ಹಸಿ ಕೊಬ್ಬರಿ ತಂದದ್ದು ಯಾರೆಂದು ಕೇಳಲಿಕ್ಕಲ್ಲ. ತಂಗಿಯಾದವಳು ಅಣ್ಣನ ಹೆಸರು ಹಿಡಿದು ಕೂಗಿದ್ದಾಳೆ, ತಪ್ಪೊಪ್ಪಿಕೊಳ್ಳುವವರು ಕಾಣಿಕೆ ಇಡುವ ಯಂಗೋನಾ ಬೇರಿನ ಕಟ್ಟು ತಂದಿಟ್ಟು ಅವನ ಕ್ಷಮೆ ಕೇಳಲಿ ಎಂದು. ನಾಚಿಕೆಯಾಗಬೇಕಿತ್ತು ಅವರಿಗೆ.

ಸಲಾನಿಯೆತಾ ಕಟ್ಟು ಹೊತ್ತು ಬಂದಳು. ಚಾಪೆಯ ಮೇಲೆ ಕೂತಿದ್ದ ಅಣ್ಣನನ್ನು ದಾಟಿ ಹೋಗಿ, ಹಿಂದೆ ಮೂಲೆಯಲ್ಲಿದ್ದ ಕಾಲಿಯೋವಾನ ತಾಯಿಯ ಮುಂದೆ ಅದನ್ನಿಟ್ಟಳು.

"ತಪ್ಪಾಯ್ತು ಅತ್ತೆ. ಮೂಟೆ ಬಿಸಿ ಇದ್ದ ದಿನಾನೇ ನಾನು ಕೂಗಬೇಕಿತ್ತು. ಬಾಯಿ ಮುಚ್ಕೊಂಡು ನಿಮ್ಮ ಮಗನ್ನ ಕಳಿಸ್ದೆ."

ಮುದುಕಿ ಬೇರಿನ ಮೇಲೆ ಕೈಯಿಟ್ಟು ಅತ್ತಳು. ಸಲಾನಿಯೆತಾ ತಿರುಗಿ ನಿಂತಳು.

"ಇಲೈತಿಯಾ, ನನ್ನ ಕಟ್ಟು ನಾನು ತಂದಿಟ್ಟೆ. ನಿನ್ನ ಕಟ್ಟು ಎಲ್ಲಿ?"

ಇಲೈತಿಯಾ ಉತ್ತರ ಹೇಳಿಸಲು ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದ. ಕಾಲಿಯೋವಾ ಕೂರುತ್ತಿದ್ದ ಜಾಗದಲ್ಲಿ ಬರೀ ಚಾಪೆಯಿತ್ತು.