ರಿಮುಯಳ ಕೆನ್ನೆ

ನದಿಯ ಮೇಲಿನ ಐದು ಹಟ್ಟಿಗಳಲ್ಲಿ ಪಿತಾಯಳ ಸೂಜಿ ಮುಟ್ಟದ ಹೆಣ್ಣುಮುಖವೇ ಒಂದು ಕಾಲಕ್ಕೆ ಇರಲಿಲ್ಲ. ಕಿವಿಯ ಬುಡದಿಂದ ತುಟಿಯ ತನಕ ಎರಡೂ ಕೆನ್ನೆಗೆ ಇಳಿಯುವ ಅಗಲವಾದ ಕಪ್ಪು ಪಟ್ಟಿಯನ್ನು ನೋಡಿದರೆ ಸಾಕು, ಇದು ತನ್ನ ಕೈಯದೋ, ಸತ್ತುಹೋದ ತನ್ನ ತಾಯಿಯ ಕೈಯದೋ ಎಂದು ದೂರದಿಂದಲೇ ಹೇಳಿಬಿಡುತ್ತಿದ್ದಳು. ಹಚ್ಚೆ ಹೊಯ್ಯುವುದು ಅವಳ ಮನೆತನಕ್ಕೆ ತಾಯಿಯಿಂದ ಮಗಳಿಗೆ ಬಂದ ಕಸುಬು. ನಾರಿನ ಬಟ್ಟೆಯನ್ನು ಒಂದೂ ಎಳೆ ತಪ್ಪದೆ ನೇಯಲು ಕಲಿತ ಹುಡುಗಿಗೆ ಮಾತ್ರ ಅದು ಸಲ್ಲುತ್ತಿತ್ತು. ಅವರ ಅತಾಯಲ್ ಬುಡಕಟ್ಟಿನ ಹೆಣ್ಣು ಸತ್ತಾಗ ಕಾಮನಬಿಲ್ಲಿನ ಸೇತುವೆಯ ಆಚೆ ನಿಂತ ಹಿರಿಯರು ಅವಳ ಮುಖ ನೋಡುತ್ತಾರೆ. ಪಟ್ಟಿ ಇದ್ದವಳು ದಾಟುತ್ತಾಳೆ, ಇಲ್ಲದವಳು ಕೆಳಗಿನ ಹೊಳೆಗೆ ಬೀಳುತ್ತಾಳೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಜಪಾನಿನವರು ತೈವಾನಿನ ಬೆಟ್ಟಗಳನ್ನು ಹತ್ತಿ ಬಂದ ಮೇಲೆ ಮೊದಲು ಗಂಡಸರ ಬಂದೂಕು ಕೇಳಿದರು, ಆಮೇಲೆ ಹೆಂಗಸರ ಸೂಜಿ ಕೇಳಿದರು. ಮುಖಕ್ಕೆ ಮಸಿ ಚುಚ್ಚುವುದು ಕಾಡುಜನರ ಕೆಲಸ, ಇನ್ನು ಮೇಲೆ ಯಾರೂ ಚುಚ್ಚಕೂಡದು ಎಂದು ಠಾಣೆಯ ಅಧಿಕಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ. ಪಿತಾಯ್ ಸೂಜಿಗಳನ್ನು ಸಾಲಾಗಿ ಕಟ್ಟಿದ ಒಂದು ಹಳೆಯ ಹಿಡಿಯನ್ನೂ ಬಿರುಕುಬಿಟ್ಟ ಪುಟ್ಟ ಕೊಡತಿಯನ್ನೂ ಒಪ್ಪಿಸಿ ಬಂದಳು. ಒಳ್ಳೆಯವು ನವಣೆಯ ಕಣಜದಲ್ಲಿ ಉಳಿದವು.

ಮಗಳು ರಿಮುಯ್ ತನಗೆ ಹದಿನೈದು ತುಂಬಿದಾಗ ತಾನೊಬ್ಬಳೇ ಕೂತು ಒಂದು ಇಡೀ ಹೊದಿಕೆ ನೇಯ್ದಳು. ಕೆಂಪು ಎಳೆಯಲ್ಲಿ ನೇಯ್ದ ಕಣ್ಣಿನ ಚಿತ್ತಾರಗಳು ಒಂದರ ಪಕ್ಕ ಒಂದು ಸ್ವಲ್ಪವೂ ಕದಲದೆ ಕೂತಿದ್ದವು. ಅದನ್ನು ನೋಡಿದ ದಿನವೇ ಪಿತಾಯ್ ಮನಸ್ಸು ಮಾಡಿಬಿಟ್ಟಳು. ರಿಮುಯ್ ಆಗ ಠಾಣೆಯ ಪಕ್ಕದ ಶಾಲೆಗೆ ಹೋಗುತ್ತಿದ್ದಳು, ಜಪಾನಿ ಹಾಡುಗಳನ್ನು ಗುನುಗುತ್ತಿದ್ದಳು. ನಿನಗೆ ಬೇಕೇ ಎಂದು ಅವಳನ್ನು ಕೇಳಬೇಕೆಂದು ಪಿತಾಯಳಿಗೆ ತೋಚಲೇ ಇಲ್ಲ. ಅವಳನ್ನೂ ಅವಳ ತಾಯಿ ಕೇಳಿರಲಿಲ್ಲ.

ಬಿದಿರು ಮೆಳೆಯ ಹಿಂದಿನ ಗುಡಿಸಲಿನಲ್ಲಿ ಬೆಳಗಿನಿಂದ ಇಳಿಹೊತ್ತಿನ ತನಕ ಕೆಲಸ ನಡೆಯಿತು. ನೆರೆಮನೆಯ ಲವಾ ಹುಡುಗಿಯ ತಲೆಯನ್ನು ತೊಡೆಯ ನಡುವೆ ಒತ್ತಿ ಹಿಡಿದಿದ್ದಳು. ಪಿತಾಯ್ ಸೂಜಿಯ ಹಿಡಿಯನ್ನು ಕೆನ್ನೆಯ ಮೇಲಿಟ್ಟು ಕೊಡತಿಯಿಂದ ತಟ್ಟುವುದು, ಉಕ್ಕಿದ ರಕ್ತವನ್ನು ಬಿದಿರಿನ ಸೀಳಿನಿಂದ ಬಳಿಯುವುದು, ಪೈನ್ ಮರದ ಮಸಿ ತಿಕ್ಕುವುದು, ಮತ್ತೆ ತಟ್ಟುವುದು. ರಿಮುಯ್ ಚಾಪೆಯನ್ನು ಉಗುರಿನಿಂದ ಕಿತ್ತಳೇ ಹೊರತು ಕೂಗಲಿಲ್ಲ. ಹತ್ತು ದಿನ ಬಾಯಿ ತೆರೆಯಲಾಗದೆ ಜೊಂಡಿನ ಕೊಳವೆಯಲ್ಲಿ ನವಣೆ ಗಂಜಿ ಹೀರಿದಳು. ಊತ ಇಳಿದಾಗ ಪಟ್ಟಿ ಎಷ್ಟು ನೀಟಾಗಿ ಕೂತಿತ್ತೆಂದರೆ, ತಾನು ಮಾಡಿದ್ದರಲ್ಲೆಲ್ಲ ಇದೇ ಮೇಲು ಎಂದು ಪಿತಾಯಳಿಗೆ ಅನ್ನಿಸಿತು.

ಹುಡುಗಿ ಶಾಲೆಗೆ ಬಾರದ್ದನ್ನು ನೋಡಿ ಪೊಲೀಸರು ಮನೆಗೆ ಬಂದರು. ರಿಮುಯಳ ಹೆಸರನ್ನು ಶಾಲೆಯಿಂದ ಹೊಡೆದುಹಾಕಿದರು, ಪಿತಾಯಳಿಂದ ತಿಂಗಳುಗಟ್ಟಲೆ ದಾರಿಗೆ ಕಲ್ಲು ಹೊರಿಸಿದರು. ಪಿತಾಯ್ ಹೊತ್ತಳು. ಮುಖದ ಮೇಲಿನದನ್ನು ಇನ್ನು ಯಾರು ತಾನೇ ತೆಗೆದಾರು ಎಂಬ ಧೈರ್ಯ ಅವಳಿಗಿತ್ತು.

ಮರುವರ್ಷ ಹಯುಂಗ್ ಹೆಣ್ಣು ಕೇಳಿಕೊಂಡು ಬಂದ. ಅದೇ ಹಟ್ಟಿಯ ಹುಡುಗ, ಠಾಣೆಯಲ್ಲಿ ಕಾವಲಿನ ಕೆಲಸ, ಜಪಾನಿ ಚೆನ್ನಾಗಿ ಬಲ್ಲವನು. ಹಂದಿ ಕಡಿದರು, ಹೆಂಡ ಕುಡಿದರು. ಮೂರು ವರ್ಷ ಇಬ್ಬರೂ ಚೆನ್ನಾಗಿಯೇ ಇದ್ದರು. ಹಯುಂಗ್ ಹೆಂಡತಿ ನೇಯ್ದ ಅಂಗಿ ತೊಟ್ಟು ಬೇಟೆಗೆ ಹೋದರೆ ಹಟ್ಟಿಯ ಗಂಡಸರು ಅದನ್ನು ಮುಟ್ಟಿ ನೋಡುತ್ತಿದ್ದರು.

ಆಮೇಲೆ ಹೊಸ ಅಧಿಕಾರಿ ಬಂದ. ಅವನ ಜೊತೆಗೆ ಹೊಸ ಆಜ್ಞೆಯೂ ಬಂತು. ಒಂದು ಸಂಜೆ ಹಯುಂಗ್ ಅತ್ತೆಯ ಮನೆಗೆ ಬಂದು ಒಲೆಯ ಮುಂದೆ ಕೂತ. ಎಷ್ಟೋ ಹೊತ್ತು ಗೆಣಸಿನ ಸಿಪ್ಪೆ ಸುಲಿಯುತ್ತಲೇ ಇದ್ದ.

"ಅತ್ತೆ, ಚುಚ್ಚಬಾರದು ಅನ್ನೋ ಆಜ್ಞೆ ಬಂದ ಮೇಲೆ ಹಚ್ಚೆ ಹಾಕಿಸ್ಕೊಂಡವರೆಲ್ಲ ಬಯಲುಸೀಮೆಗೆ ಹೋಗಿ ತೆಗೆಸ್ಕೋಬೇಕಂತೆ. ಠಾಣೆಯವರ ಹೆಂಡ್ತೀರು ಮೊದಲು ಹೋಗಬೇಕಂತೆ."

"ತೆಗೆಯೋದು ಅಂದ್ರೆ? ಅದೇನು ಅಂಗೀನಾ?"

"ಡಾಕ್ಟರು ತೆಗೀತಾರಂತೆ. ಆಮೇಲೆ ಚರ್ಮ ಹೊಲಿದುಬಿಟ್ರೆ ಮೊದಲಿನ ಹಾಗೇ ಆಗುತ್ತಂತೆ."

"ಹೊಲಿಯೋದು ಬಟ್ಟೇನ ಕಣಪ್ಪ."

ಹಯುಂಗ್ ತಲೆ ಎತ್ತಲಿಲ್ಲ. ಹೋಗದಿದ್ದರೆ ತನ್ನ ಕೆಲಸ ಹೋಗುತ್ತದೆ, ಅಷ್ಟಕ್ಕೇ ಬಿಡುವುದೂ ಇಲ್ಲ, ಅತ್ತೆಯನ್ನು ಮತ್ತೆ ಹಿಡಿದು ಈ ಸಲ ಒಳಗೇ ಹಾಕುತ್ತಾರೆ ಎಂದ. ಕೊನೆಯ ಮಾತನ್ನು ಅವನು ರಿಮುಯಳಿಗೆ ಮೊದಲೇ ಹೇಳಿದ್ದನೆಂದು ಪಿತಾಯಳಿಗೆ ತಿಳಿದಾಗ ತಡವಾಗಿತ್ತು. ಮಾರನೆಯ ಬೆಳಿಗ್ಗೆ ಅವಳು ಮಗಳ ಮನೆಗೆ ಓಡಿದರೆ ಬಾಗಿಲು ಹೊರಗಿನಿಂದ ಹಾಕಿತ್ತು, ರಿಮುಯ್ ಬಯಲಿಗೆ ಇಳಿದಾಗಿತ್ತು.

ಇಪ್ಪತ್ತಾರು ದಿನದ ಮೇಲೆ ರಿಮುಯ್ ಮುಖಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡು ಬಂದಳು. ತಾಯಿಯೇ ಅದನ್ನು ಬಿಚ್ಚಿದಳು. ಪಟ್ಟಿ ಇದ್ದ ಕಡೆಯ ಚರ್ಮವನ್ನು ಉದ್ದಕ್ಕೂ ಕೊಯ್ದು ತೆಗೆದು ಎರಡು ಅಂಚನ್ನೂ ಎಳೆದು ಹೊಲಿದಿದ್ದರು. ಬಾಯಿ ಎರಡು ಕಡೆಗೂ ಕಿವಿಯತ್ತ ಜಗ್ಗಿತ್ತು. ಕೆಳರೆಪ್ಪೆ ಇಳಿಬಿದ್ದು ಕಣ್ಣಿನ ಕೆಂಪು ಹೊರಗೆ ಕಾಣುತ್ತಿತ್ತು. ಎಡಗೆನ್ನೆಯ ಹೊಲಿಗೆಯಲ್ಲಿ ಕೀವು ಕಟ್ಟಿತ್ತು. ಪಿತಾಯ್ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾ ಹೋದಳು.

ಹಚ್ಚೆ ಕೀವಾದರೆ ಆ ಹುಡುಗಿ ಮದುವೆಗೆ ಮುಂಚೆ ದಾರಿ ತಪ್ಪಿದ್ದಾಳೆ ಎಂದು ಹಿಂದಿನಿಂದಲೂ ಒಂದು ಮಾತಿತ್ತು. ಕೀವು ಕಟ್ಟಿದ್ದು ಡಾಕ್ಟರನ ಹೊಲಿಗೆ, ಆದರೂ ಆ ಮಾತು ಎದ್ದಿತು. ಅಂದು ತಲೆ ಹಿಡಿದು ಕೂತಿದ್ದ ಲವಾಳೇ ನೀರಿನ ಬಳಿ ನಾಲ್ಕು ಜನರ ಮುಂದೆ ಅದನ್ನು ಆಡಿದಳು. ಅತ್ತ ಠಾಣೆಯಲ್ಲೂ ರಿಮುಯಳಿಗೆ ಮರ್ಯಾದೆ ಸಿಗಲಿಲ್ಲ. ಶುದ್ಧವಾದ ಮುಖಗಳನ್ನು ನೋಡಲು ಬಯಲಿನಿಂದ ದೊಡ್ಡ ಅಧಿಕಾರಿಯೊಬ್ಬ ಬಂದ ದಿನ, ಸಾಲಿನಲ್ಲಿದ್ದ ರಿಮುಯಳಿಗೆ ಹಿಂದೆ ಹೋಗಿ ನಿಲ್ಲು ಎಂದರು.

ಊಟದ ಹೊತ್ತಿಗೆ ಗಂಜಿ ತುಟಿಯ ಸಂದಿಯಿಂದ ಸುರಿಯುತ್ತಿತ್ತು. ಹಯುಂಗ್ ಮೊದಮೊದಲು ಬೇರೆ ಕಡೆ ನೋಡಿ ಉಣ್ಣುತ್ತಿದ್ದ, ಆಮೇಲೆ ಠಾಣೆಯಲ್ಲೇ ಉಣ್ಣತೊಡಗಿದ. ಕೆಳಗಿನ ಹಟ್ಟಿಯ ಠಾಣೆಗೆ ವರ್ಗವಾದಾಗ ಹೆಂಡತಿಯನ್ನು ಬಿಟ್ಟು ಹೋದ. ಆರು ತಿಂಗಳಲ್ಲಿ ಶಾಲೆ ಕಲಿತ, ಹಚ್ಚೆ ಇಲ್ಲದ ಬೋಳು ಮುಖದ ಹುಡುಗಿಯೊಬ್ಬಳನ್ನು ಇಟ್ಟುಕೊಂಡ ಸುದ್ದಿ ಬಂತು. ರಿಮುಯ್ ಸೊಂಟಕ್ಕೆ ಬಿಗಿದು ನೇಯುವ ತನ್ನ ಪುಟ್ಟ ಮಗ್ಗವನ್ನು ಬೆನ್ನಿಗೆ ಕಟ್ಟಿಕೊಂಡು ತಾಯಿಯ ಮನೆಗೆ ಬಂದಳು.

ಒಂದು ದಿನ ನವಣೆ ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಿ ಕೇಳಿದಳು. ತುಟಿ ಕೂಡದ ಕಾರಣ ಅವಳ ಮಾತಿನಲ್ಲಿ ಗಾಳಿ ಬೆರೆತಿರುತ್ತಿತ್ತು.

"ಅವ್ವ, ನಾನು ಎಲ್ಲಿಗೆ ಹೋಗ್ತೀನಿ?"

ಅವಳು ಕೇಳಿದ್ದು ಸತ್ತ ಮೇಲಿನ ಸೇತುವೆಯ ಮಾತು. ಪಿತಾಯಳಿಗೆ ಅದು ಅರ್ಥವಾಯಿತು.

"ಇನ್ನೊಂದು ಸಲ ಹೊಯ್ದುಬಿಡು," ಎಂದಳು ಮಗಳು.

"ನೋವಾಗುತ್ತೆ ಮಗ. ಬೇಕಾ ನಿಂಗೆ?"

"ಈ ಸಲ ಕೇಳ್ತಿದ್ದೀಯ," ಎಂದಳು ರಿಮುಯ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಪಿತಾಯ್ ಕಣಜದಿಂದ ಸೂಜಿ ತೆಗೆದಳು. ತಲೆ ಹಿಡಿಯಲು ಯಾರನ್ನೂ ಕರೆಯಲಿಲ್ಲ, ರಿಮುಯ್ ತಾನೇ ಕದಲದೆ ಮಲಗಿದಳು. ಹೊಲಿದ ಚರ್ಮ ಒಣಗಿದ ತೊಗಟೆಯಂತೆ ಗಟ್ಟಿಯಾಗಿತ್ತು. ಮೊದಲ ಏಟಿಗೆ ಸೂಜಿ ಜಾರಿತು, ಜೋರಾಗಿ ತಟ್ಟಿದರೆ ಸೀಳಿತು. ಮಸಿ ತಿಕ್ಕಿದರೆ ನಿಲ್ಲದೆ ರಕ್ತದ ಜೊತೆ ಕುತ್ತಿಗೆಗೆ ಹರಿಯಿತು. ಬೆರಳಗಲ ಜಾಗದಲ್ಲಿ ಮಧ್ಯಾಹ್ನದ ತನಕ ಹೆಣಗಿದಳು. ನಾಲ್ಕನೆಯ ದಿನ ಅದು ಕೊಳೆಯಿತು, ಜ್ವರ ಬಂತು. ಜ್ವರ ಬಿಟ್ಟಾಗ ಅಲ್ಲಿ ಉಳಿದದ್ದು ಬೂದುಬಣ್ಣದ ಒಂದು ಕಲೆ. ಒಲೆಯ ಮಸಿ ಮೆತ್ತಿಕೊಂಡಂತೆ ಕಾಣುತ್ತಿತ್ತು. ರಿಮುಯ್ ಅದನ್ನು ನೀರಿನಲ್ಲಿ ನೋಡಿಕೊಂಡಳು. ಆಮೇಲೆ ಮಗ್ಗಕ್ಕೆ ಕೂರಲಿಲ್ಲ.

ಇನ್ನೇನೂ ಉಳಿಯಲಿಲ್ಲ ಎಂದಾದಾಗ ಪಿತಾಯ್ ಒಂದು ಯೋಚನೆ ಮಾಡಿದಳು. ಮಗಳಿಗೆ ಹೇಳದೆ, ಸುಟ್ಟ ಗೆಣಸು ಕಟ್ಟಿಕೊಂಡು ಎರಡು ದಿನ ನಡೆದು ಬಯಲಿಗೆ ಇಳಿದಳು. ದಾರಿಯಲ್ಲಿ ಅಂಗಡಿ ಬೀದಿಯ ಜನ ಅವಳ ಮುಖ ತೋರಿಸಿ ನಕ್ಕರು. ಹಿಂದೆಲ್ಲ ಅವಳು ತಲೆ ಎತ್ತಿಯೇ ನಡೆಯುತ್ತಿದ್ದವಳು. ಇಂದೂ ಎತ್ತಿಯೇ ನಡೆದಳು. ಡಾಕ್ಟರನ ಬಾಗಿಲಲ್ಲಿ ಕಾವಲಿಗಿದ್ದ ಪೊಲೀಸಿನವನಿಗೆ ಅವಳ ಮಾತು ಅಷ್ಟಿಷ್ಟು ಬರುತ್ತಿತ್ತು.

"ನನ್ನ ಮುಖದ್ದೂ ತೆಗೀಬೇಕು," ಎಂದಳು.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಇದು ಆಜ್ಞೆಗಿಂತ ಹಿಂದಿನದು, ಹಳಬರಿಗೆ ಬಲವಂತವಿಲ್ಲ, ಮನೆಗೆ ಹೋಗು ಎಂದ. ಪಿತಾಯ್ ಅಲ್ಲೇ ಕೂತಳು. ಕಡೆಗೆ ಡಾಕ್ಟರನೇ ಹೊರಗೆ ಬಂದ. ಕನ್ನಡಕದ ಎಳೆಯ ವಯಸ್ಸಿನವನು, ದಣಿದಿದ್ದ. ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಪೊಲೀಸಿನವನಿಗೆ ಏನೋ ಹೇಳಿ ಒಳಗೆ ಹೋದ.

"ನಿನ್ನ ಮುಖಕ್ಕೆ ಹೊಲಿಗೆ ದಾರ ದಂಡ ಅಂತಾರೆ ಡಾಕ್ಟರು," ಎಂದ ಪೊಲೀಸಿನವನು. "ನೀವೆಲ್ಲ ಸತ್ತರೆ ತಾನಾಗೇ ಮುಗಿಯುತ್ತಲ್ಲ, ಅಜ್ಜಿ."

ಮಗಳು ಬೀಳುವ ಕಡೆ ತಾನೂ ಬೀಳಬೇಕು ಎಂದು ಅವನಿಗೆ ಹೇಳುವುದು ಹೇಗೆ? ಪಿತಾಯ್ ಎದ್ದಳು.

ಹಟ್ಟಿಗೆ ಬಂದಾಗ ರಿಮುಯ್ ಬಾಗಿಲಲ್ಲಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಸುಳ್ಳು ಹೇಳಲು ಪಿತಾಯಳಲ್ಲಿ ಕಸುವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರಿಮುಯ್ ತಾಯಿಯ ಕಾಲಿನ ಬೊಕ್ಕೆಗಳನ್ನು ನೋಡಿದಳು.

"ನೀನು ದಾಟಿ ಹೋಗಿಬಿಡು ಅವ್ವ. ಹಿಂದೆ ತಿರುಗಿ ನೋಡ್ಕೊಂಡು ನಿಲ್ಲಬೇಡ."

ರಿಮುಯ್ ಎದ್ದು ಒಲೆಯ ಮೇಲೆ ನೀರಿಟ್ಟು, ಬೆಂಕಿ ಊದಲು ಬಗ್ಗಿದಳು. ತುಟಿ ಕೂಡಲಿಲ್ಲ. ಉಸಿರು ಎರಡು ಪಕ್ಕಕ್ಕೂ ಸೋರಿಹೋಯಿತು, ಬೂದಿ ಮಾತ್ರ ಹಾರಿತು. ಪಿತಾಯ್ ಮಗಳನ್ನು ಸರಿಸಿ, ತಾನೇ ಕೂತು ಊದಿದಳು.