ಏನಂತ ನೀನೇ ಹೇಳು

ನಮ್ಮ ಯಜಮಾನರು ದಿನಾ ಬೆಳಿಗ್ಗೆ ಮನೆಯಿಂದ ಹೊರಟು, ಬೀದಿಯ ತಿರುವಿನಿಂದ ವಾಪಸು ಬಂದು ಬಾಗಿಲು ತಟ್ಟುತ್ತಾರೆ.

"ಬಾಗಿಲು ತೆಗಿಯೇ. ಏನೋ ಮರೆತೆ. ಏನಂತ ನೀನೇ ಹೇಳು."

ನಾನು ಹೇಳುತ್ತೇನೆ: ಕೊಡೆ, ಇಲ್ಲವೇ ಹಲ್ಲಿನ ಸೆಟ್ಟು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವ ಪೈಕಿ ಅವರು. ಇಂಥವರು ನಾಟಕ ತಂಡದ ಮುಖ್ಯ ನಟರು! ಪಕ್ಕದ ಪರದೆಯ ಮರೆಯಲ್ಲಿ ಕೂತು ಅವರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ನಾನು. ಸ್ಕ್ರಿಪ್ಟು ನನ್ನ ಮಡಿಲಲ್ಲಿ ಮುಚ್ಚಿಯೇ ಇರುತ್ತಿತ್ತು. ಅದು ನನ್ನ ಜಂಬ.

ಆರೋಗ್ಯವಾಗಿರುವ ಹಿರಿಯರ ನೆನಪಿನ ಶಕ್ತಿಯ ಬಗ್ಗೆ ಆಸ್ಪತ್ರೆಯವರು ಅಧ್ಯಯನ ನಡೆಸುತ್ತಿದ್ದರು. ಇಬ್ಬರೂ ಹೋಗಿ, ಗಡಗಡ ಸದ್ದು ಮಾಡುವ ಯಂತ್ರದೊಳಗೆ ಮಲಗಿ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡೆವು. ನ್ಯಾಯ ನೋಡಿ: ಅವರ ಮಿದುಳು ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ನನ್ನದರಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ, ನೆನಪು ಕೂಡಿಡುವ ಭಾಗ ಒಂಚೂರು ಸಣ್ಣದು.

"ಇದು ಕಾಯಿಲೆ ಅಲ್ಲಮ್ಮ," ಎಂದರು ಡಾಕ್ಟರಮ್ಮ. "ಮುಂದೆ ಮರೆವು ಬರೋ ಸೂಚನೆ ಇರಬಹುದು, ಏನೂ ಆಗದೇನೂ ಇರಬಹುದು. ಚುಕ್ಕೆ ಇದ್ದೂ ಚೆನ್ನಾಗಿರೋರು ಬೇಕಾದಷ್ಟು ಜನ ಇದ್ದಾರೆ. ದಿನಾ ನಡೀರಿ, ನಿದ್ದೆ ಮಾಡಿ, ಬಿಪಿ ನೋಡ್ಕೊಳ್ಳಿ. ಕೆಲಸ ಬಿಡಬೇಡಿ. ಮುಂದಿನ ವರ್ಷ ಮತ್ತೆ ನೋಡೋಣ."

ಯಜಮಾನರಿಗೆ ಕೊಂಬು ಬಂತು. ದಾರಿಯುದ್ದಕ್ಕೂ ತಮ್ಮ ತಲೆಯ ಗುಣಗಾನ ಮಾಡಿಕೊಂಡು ಬಂದರು. ಕೊಡೆ ಆಸ್ಪತ್ರೆಯಲ್ಲೇ ಉಳಿದಿತ್ತು.

ತಂಡದ ನಿರ್ದೇಶಕಿ ನಮ್ಮ ಮಗಳೇ. ಅವಳ ಮುಖ ಮಾತ್ರ ಸಣ್ಣದಾಯಿತು. ನಿನ್ನೆ ಏನಡುಗೆ, ಮೊನ್ನೆ ಯಾರು ಬಂದಿದ್ದರು ಎಂದು ದಿನಾ ನನಗೆ ಪರೀಕ್ಷೆ. ಕೊನೆಗೊಂದು ದಿನ ಬಾಯಿಬಿಟ್ಟಳು.

"ಅಮ್ಮ, ಈ ನಾಟಕಕ್ಕೆ ನೀನೇ ಕೂತ್ಕೋ. ಎಲ್ಲಾದ್ರೂ ಎಡವಿದ್ರೆ, ಮುಂದಿನದಕ್ಕೆ ಮಾತು ತೋರಿಸೋ ಟಿವಿ ಇಟ್ಟುಬಿಡೋಣ."

ಮೈಯೆಲ್ಲ ಉರಿದುಹೋಯಿತು. ಹೆದರಿಕೆಯೂ ಆಯಿತು. ಆ ಕುರ್ಚಿ ಹೋದರೆ ಸಂಜೆ ಹೊತ್ತು ನಾನೆಲ್ಲಿ ಕೂರಲಿ?

ಮೊದಲ ಪ್ರದರ್ಶನ. ಕೊನೆಯ ದೃಶ್ಯದಲ್ಲಿ, ಜೈಲಿನಿಂದ ಬಂದ ಮುದುಕ ತನ್ನ ಮನೆ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕರೆಯಬೇಕು. ಯಜಮಾನರು ನಿಂತರು, ಸುಮ್ಮನಾದರು. ಬೇಕೆಂದೇ ಸುಮ್ಮನಾದರೆ ಅವರ ಹುಬ್ಬು ಮೇಲಿರುತ್ತದೆ. ಮರೆತರೆ ಹೆಬ್ಬೆರಳು ಅಂಗಿಯ ಗುಂಡಿ ತಡಕುತ್ತದೆ. ಹೆಬ್ಬೆರಳು ಗುಂಡಿಗೆ ಹೋಯಿತು. ನಾನು ಬಾಯಿ ತೆರೆದೆ.

ಮಾತಿಲ್ಲ. ನಾಲಿಗೆಯ ತುದಿಯಲ್ಲೂ ಇಲ್ಲ. ಸ್ಕ್ರಿಪ್ಟು ಬಿಡಿಸಿದರೆ ಮಬ್ಬು ಬೆಳಕಿನಲ್ಲಿ ಒಂದಕ್ಷರವೂ ಕಾಣದು. ಹಾಳು ಚುಕ್ಕೆಗಳು ಇವತ್ತೇ ಕೈಕೊಡಬೇಕಿತ್ತೇ?

ಅವರು ನನ್ನ ಮುಖ ನೋಡಿದರು, ಅರ್ಥವಾಯಿತು. ಮೆಲ್ಲಗೆ ಬಾಗಿಲು ತಟ್ಟಿದರು.

"ಬಾಗಿಲು ತೆಗಿಯೇ. ಏನೋ ಮರೆತೆ. ಏನಂತ ನೀನೇ ಹೇಳು."

ಜನ ಘೊಳ್ಳೆಂದು ನಕ್ಕರು. ಹಿಂದೆಯೇ ಯಾರೋ ಮೂಗು ಎಳೆದುಕೊಂಡ ಸದ್ದೂ ಕೇಳಿಸಿತು. ಆ ಪ್ರಶ್ನೆಗೆ ದಿನಾ ಉತ್ತರ ಕೊಟ್ಟು ಪಳಗಿದ ನನ್ನ ಬಾಯಿಗೆ, ಕಳೆದುಹೋದ ಮಾತು ತಾನಾಗಿ ಬಂತು: "ನಾನೇ ಕಣೇ, ಸ್ವಲ್ಪ ತಡವಾಯ್ತು." ಎತ್ತಿಕೊಟ್ಟೆ. ಅವರು ಹೇಳಿದರು. ಪರದೆ ಬಿತ್ತು.

ಮಗಳು ಓಡಿಬಂದಳು. "ಯಾರು ಮರೆತಿದ್ದು?"

"ನಾನು," ಎಂದೆವು, ಇಬ್ಬರೂ ಒಟ್ಟಿಗೆ.

ಅವಳು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಟಿವಿಯ ಮಾತೇ ಎತ್ತಲಿಲ್ಲ. ನನ್ನ ಕುರ್ಚಿಯ ಪಕ್ಕ ಒಂದು ಪುಟ್ಟ ದೀಪ ತಂದಿಟ್ಟಳು. ಇನ್ನು ಮೇಲೆ ಸ್ಕ್ರಿಪ್ಟು ಬಿಡಿಸಿಯೇ ಕೂರುತ್ತೇನೆಂದು ಒಪ್ಪಿಕೊಂಡೆ. ಜಂಬ ಹೋದರೆ ಹೋಗಲಿ, ಕುರ್ಚಿ ಉಳಿಯಿತಲ್ಲ. "ಅಪ್ಪ, ಆ ಮಾತು ಚೆನ್ನಾಗಿತ್ತು. ಪ್ರತಿ ಸಲ ಹೇಳು," ಎಂದು ಅದನ್ನು ನಾಟಕಕ್ಕೇ ಸೇರಿಸಿದಳು.

ಎರಡನೇ ಪ್ರದರ್ಶನ. ಯಜಮಾನರು ಬಾಗಿಲಲ್ಲಿ ನಿಂತರು. ಸುಮ್ಮನಾದರು. ಹೆಬ್ಬೆರಳು ಗುಂಡಿಗೆ ಹೋಯಿತು.

ದೀಪ ಉರಿಯುತ್ತಿತ್ತು, ಪುಟ ತೆರೆದಿತ್ತು. ನಾನು ಅದರ ಕಡೆ ನೋಡಲೂ ಇಲ್ಲ.

"ಏನೋ ಮರೆತೆ," ಎಂದು ಪಿಸುಗುಟ್ಟಿದೆ. "ಏನಂತ ನೀನೇ ಹೇಳು."