ಲಾರಿ ಓಡಿಸಿದವನು

"ಲಾರಿ ಓಡಿಸಿದವ ಇವನ ಅಂತ ನನ್ನ ತೋರಿಸ್ರಿ ಸರ," ಎಂದ ಯಲ್ಲೇಶ್, ಮನೋಹರನಿಗೆ.

ಹೊಸಪೇಟೆ ಕೋರ್ಟಿನ ವರಾಂಡ. ಯಲ್ಲೇಶ್ ಲಾರಿಯ ಡ್ರೈವರ್, ಈಗ ಆರೋಪಿ. ಮನೋಹರ್ ಕಾಲೇಜಿನಲ್ಲಿ ತತ್ವಶಾಸ್ತ್ರದ ಪಾಠ ಹೇಳುವವ, ಕಣ್ಣಾರೆ ಕಂಡ ಸಾಕ್ಷಿ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಹುಲುಗಮ್ಮನೆಂಬ ಹೆಂಗಸಿನ ಮೇಲೆ ಹರಿದಾಗ ಸ್ಟೇರಿಂಗ್ ಹಿಡಿದಿದ್ದವನು ಮಾಲೀಕನ ಮಗ. ಅವನ ಮುಖವನ್ನು ಮನೋಹರ್ ಚೆನ್ನಾಗಿ ನೋಡಿದ್ದ. ಪೊಲೀಸರಿಗೆ ಮಾತ್ರ "ಯಾರೋ ಡ್ರೈವರ್" ಎಂದಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಿರಿನ ರೇಟು ಏರಿದ ಮೇಲೆ ಊರಲ್ಲಿ ಕಲ್ಲೆಸೆದರೆ ಲಾರಿ ಮಾಲೀಕನ ಮೇಲೇ ಬೀಳುತ್ತಿತ್ತು. ಯಾರನ್ನೆಂದು ಎದುರು ಹಾಕಿಕೊಳ್ಳುವುದು?

"ನೀನ ತಪ್ಪೊಪ್ಕೊಂಡಿದ್ರ ಮುಗೀತಿತ್ತಲ್ಲ?"

"ಮಾಲೀಕ್ರು ಹಂಗ ಹೇಳಿಕೊಟ್ಟಿದ್ರು. ಜಡ್ಜ್ ಸಾಹೇಬ್ರು ಕೇಳಿದ ಕೂಡ್ಲೇ ಭಾಳ ಅಂಜಿಕಿ ಬಂತ್ರಿ. ನಾನಲ್ಲ ಅಂದುಬಿಟ್ಟೆ." ಯಲ್ಲೇಶ್ ದನಿ ತಗ್ಗಿಸಿದ. "ಅವ್ರ ಮಗಂಗ ಲೈಸೆನ್ಸಿಲ್ಲ. ಅವ ಓಡಿಸಿದ ಅಂದ್ರ ಇನ್ಶೂರೆನ್ಸ್ ಬರಂಗಿಲ್ಲ. ಆಮ್ಯಾಲೆ ನನ್ನ ಬಿಡಂಗಿಲ್ಲ ಅವ್ರು. ನಿಮ್ಮನ್ನೂ ಬಿಡಂಗಿಲ್ಲ."

ಗೇಟಿನಾಚೆ ಮಾಲೀಕನ ಜೀಪು ನಿಂತಿತ್ತು. ಅದರಲ್ಲಿದ್ದವರು ನಗುತ್ತ ಬಾಳೆಹಣ್ಣು ತಿನ್ನುತ್ತಿದ್ದರು. ಮನೋಹರ್ ಗೇಟಿಗೆ ಬೆನ್ನು ಹಾಕಿ ನಡೆದ.

ಒಳಗೆ ಪ್ರಮಾಣ ಮಾಡಿಸಿದರು. ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ತರಗತಿಯಲ್ಲಿ ಸತ್ಯದ ಬಗ್ಗೆ ತಾಸುಗಟ್ಟಲೆ ಕೊರೆಯುವ ನಾಲಿಗೆ ಗುಮಾಸ್ತ ಹೇಳಿಕೊಟ್ಟಷ್ಟನ್ನು ಮಾತ್ರ ಒಪ್ಪಿಸಿತು.

ಸರ್ಕಾರಿ ವಕೀಲರು ಯಲ್ಲೇಶನತ್ತ ಕೈ ತೋರಿಸಿದರು. "ಲಾರಿ ಓಡಿಸ್ತಿದ್ದೋನು ಇವನೇನ್ರಿ?"

ಹಿಂದಿನ ಬೆಂಚಿನಲ್ಲಿ ಸತ್ತ ಹುಲುಗಮ್ಮನ ತಂಗಿ ಕರೆಮ್ಮ ಕೂತಿದ್ದಳು. ಅಲ್ಲ ಎಂದರೆ ಮನೋಹರ್ ಪ್ರತಿಕೂಲ ಸಾಕ್ಷಿ, ಹೊರಗೆ ಜೀಪು. ಹೌದು ಎಂದರೆ ನಿರಪರಾಧಿಗೆ ಜೈಲು. ಆ ನಿರಪರಾಧಿಯೋ ಜೈಲಿಗೆ ಕಳಿಸೆಂದು ಕಣ್ಣಲ್ಲೇ ಬೇಡುತ್ತಿದ್ದ.

"ಹೌದು. ಇವನೇ."

ಟೈಪಿಸ್ಟ್ ಅದನ್ನು ಟೈಪ್ ಮಾಡಿದಳು. ಮಾಲೀಕನೇ ಗೊತ್ತುಮಾಡಿದ್ದ ಆರೋಪಿಯ ವಕೀಲ ಅರ್ಧ ಎದ್ದು, "ಪಾಟೀಸವಾಲು ಇಲ್ಲ ಸ್ವಾಮಿ," ಎಂದು ಕೂತ. ಇಷ್ಟು ಸಲೀಸೇ? ಯಲ್ಲೇಶ್ ಕೈಮುಗಿದ. ಕರೆಮ್ಮನೂ ಕೈಮುಗಿದಳು, ಸತ್ಯ ಹೇಳಿದ ಮೇಷ್ಟ್ರೆಂದು.

"ಸಾಕ್ಷಿ ಹೋಗಬಹುದು," ಎಂದರು ನ್ಯಾಯಾಧೀಶರು.

ಮನೋಹರ್ ಕಟಕಟೆಯಿಂದ ಇಳಿಯಲಿಲ್ಲ. ಇಳಿದರೆ ಕರೆಮ್ಮನ ಮುಂದೆಯೇ ಹಾಯಬೇಕು. ಗುಮಾಸ್ತ ಮುಂದಿನ ಕೇಸು ಕರೆದ. ಕಂಪ್ಲಿಯ ಯಾವುದೋ ಹೊಡೆದಾಟ.

"ಆರೋಪಿ ಹಾಜರಿದ್ದಾನೇನ್ರಿ?" ನ್ಯಾಯಾಧೀಶರು ಕೇಳಿದರು.

ಯಾರೂ ಮುಂದೆ ಬರಲಿಲ್ಲ. ಕಟಕಟೆಯ ಸರಳು ಹಿಡಿದಿದ್ದ ಮನೋಹರನ ಬಲಗೈ ಮೆಲ್ಲಗೆ ಬಿಡಿಸಿಕೊಂಡು ಮೇಲೆದ್ದಿತು.